ಹನ್ನೊಂದನೆಯ ನಿಯಮಕ್ಕೆ ನನ್ನ ಬೆಂಬಲ

ಸಭೆಯ ಅಧ್ಯಕ್ಷರೂ ನಮ್ಮ ಬೇಟೆಹಕ್ಕಿ ಸಾಕಣೆದಾರರ ಸಂಘದ ಹಿರಿಯರೂ ಆದ ತೆಮಿರ್ಕುಲ್ ಅವರೇ, ಹಕ್ಕಿಗಳಿಗೆ ನಿಯಮ ಬರೆಯಲೆಂದು ಬಿಷ್ಕೆಕ್ಕಿನಿಂದ ಬಂದು ನಮ್ಮ ಸರೋವರದ ಗಾಳಿಗೆ ಮೂಗು ಕೆಂಪಗೆ ಮಾಡಿಕೊಂಡು ಕುಳಿತಿರುವ ಅತಿಥಿ ಗುಲ್‌ಬಾರ್ಚಿನ್ ಅವರೇ, ಎರಡೂ ದಡಗಳಿಂದ ಬಂದಿರುವ ಹದ್ದಿನವರೇ, ಡೇಗೆಯವರೇ, ಮೂರನೆಯ ಸಾಲಿನಲ್ಲಿರುವ ನನ್ನ ಬೀಗರೇ, ಅವರ ಹಿಂದೆ ಕುಳಿತಿರುವ ನನ್ನ ಹೆಂಡತಿ ಕಾನಿಶಾಯ್ ಮತ್ತು ಮಗಳು ಬೇಗಾಯಿಮ್, ಹಾಗೂ ಒಳಗಿನಿಂದ ಮಾಂಸ ಬೇಯುವ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಹನಶೀಲ ಸಭಿಕರೇ,

ಈ ದಡದಲ್ಲಿ ಮೊದಲ ಬಾರಿಗೆ ಹದ್ದಿಗೆ ಸೆರೆಯಲ್ಲಿ ಮರಿ ಮಾಡಿಸಿದವನೆಂದು ನನಗೆ ಈ ಚಪಾನ್ ನಿಲುವಂಗಿ ಹೊದಿಸಿದ್ದೀರಿ. ಮೊಟ್ಟೆ ಇಟ್ಟಿದ್ದು ಹದ್ದು, ಚಪಾನ್ ಹೊದ್ದಿದ್ದು ನಾನು. ಲೋಕದಲ್ಲಿ ಇದೇನು ಹೊಸದಲ್ಲ, ಬಿಡಿ.

ವೇದಿಕೆ ಹತ್ತುವ ಮೊದಲು ನನಗೆ ಎರಡು ಕೋರಿಕೆಗಳು ಬಂದವು. ಅಧ್ಯಕ್ಷರು ನನ್ನನ್ನು ಅಣ್ಣನೆಂದು ಕರೆದು ಕಿವಿಯಲ್ಲಿ, "ಬೈಕೆ, ದಮ್ಮಯ್ಯ, ಹನ್ನೊಂದನೇ ನಿಯಮದ ಮೇಲೆ ಜಗಳ ತೆಗೀಬೇಡಿ, ಅತಿಥಿ ಎದುರು ಮರ್ಯಾದೆ ಪ್ರಶ್ನೆ" ಎಂದರು. ಬೀಗರು ತೋಳು ಹಿಡಿದು, "ಭಾಷಣ ಬೇಗ ಮುಗಿಸಿ ಬೀಗ್ರೇ, ಊಟ ಆದ್ಮೇಲೆ ಸೊಸೇನ ಕರ್ಕೊಂಡು ಹೊರಡ್ತೀವಿ, ಕತ್ತಲಾಗೋದ್ರೊಳಗೆ ಘಾಟಿ ದಾಟಬೇಕು" ಎಂದರು. ಮಗಳು ತವರಿಗೆ ಬಂದು ಕೆಲವು ವಾರಗಳಾದವು, ಕರೆದೊಯ್ಯಲು ಬಂದಿದ್ದಾರೆ. ಇಬ್ಬರಿಗೂ ಮಾತು ಕೊಟ್ಟಿದ್ದೇನೆ. ಆದರೆ ಮೈಕು ಕೈಗೆ ಸಿಕ್ಕ ಗಂಡಸಿನ ಮಾತನ್ನು ಯಾರು ನಂಬುತ್ತಾರೆ?

ಹಕ್ಕಿಗಳನ್ನು ಜೋಡಿ ಮಾಡುವ ನಿಯಮದಿಂದಲೇ ಶುರುಮಾಡುತ್ತೇನೆ. ಹದ್ದುಗಳಲ್ಲಿ ಹೆಣ್ಣೇ ದೊಡ್ಡದು. ಪರಿಚಯವಿಲ್ಲದ ಗಂಡನ್ನು ಅವಳ ಗೂಡಿಗೆ ಬಿಟ್ಟರೆ ಮದುವೆಯ ದಿನವೇ ವರನ ಊಟವಾಗುತ್ತದೆ. ವರನಿಗೆ ಊಟ ಸಿಗುತ್ತದೆ ಎಂದಲ್ಲ, ವರನೇ ಊಟ. ಅದಕ್ಕೇ ನಡುವೆ ಜಾಲರಿ ಕಟ್ಟಿ ಇಬ್ಬರನ್ನೂ ಅಕ್ಕಪಕ್ಕ ಇಡಬೇಕು. ಹೆಣ್ಣು ತಾನಾಗಿ ಒಪ್ಪಿ ತಲೆ ಬಾಗಿಸುವ ತನಕ ಬಾಗಿಲು ತೆರೆಯಕೂಡದು. ಸಭಿಕರೇ, ಈ ನಿಯಮ ಮನುಷ್ಯರಿಗೂ ಇದ್ದಿದ್ದರೆ ಇಲ್ಲಿರುವ ಎಷ್ಟು ಗಂಡಸರಿಗೆ ಮದುವೆಯಾಗುತ್ತಿತ್ತು? ಕಾನಿಶಾಯ್ ನಗುತ್ತಿದ್ದಾಳೆ. ನನಗಂತೂ ಆಗುತ್ತಿರಲಿಲ್ಲ ಎಂದು ಅದರರ್ಥ.

ನನ್ನ ಹೆಣ್ಣುಹದ್ದಿಗೆ ಬೇಟೆಯಲ್ಲಿ ರೆಕ್ಕೆ ಮುರಿದು ಮತ್ತೆ ಹಾರಲು ಆಗಲಿಲ್ಲ. ಅದಕ್ಕೊಂದು ಗಂಡು ತಂದೆ. ಮೊದಲ ವರ್ಷವಿಡೀ ಆ ಬಡಪಾಯಿ ಜಾಲರಿಯಿಂದ ಆದಷ್ಟು ದೂರ, ಮೂಲೆಯಲ್ಲಿ ಗೋಡೆ ನೋಡುತ್ತಾ ಕುಳಿತಿತ್ತು. ಮರುವರ್ಷ ಅವಳ ಮನಸ್ಸು ಕರಗಿತು, ಮೊಟ್ಟೆ ಬಂತು. ನಾನು ಊರಿಗೆಲ್ಲ ಬಿಸಿಬಿಸಿ ಕರಿದ ಬೋರ್ಸೋಕ್ ಹಂಚಿದೆ.

ಇನ್ನು ಮುಖ ತೋರಿಸಬಾರದೆಂಬ ನಿಯಮ. ಮರಿ ಕಣ್ಣು ಬಿಟ್ಟಾಗ ಯಾರ ಮುಖ ನೋಡುತ್ತದೋ ಅವರೇ ಅದರ ಕುಲ. ಆದ್ದರಿಂದ ನಾವು ಪರದೆಯ ಹಿಂದೆ ನಿಂತು, ಹದ್ದಿನ ತಲೆಯಂಥ ಗೊಂಬೆಯನ್ನು ಕೈಗೆ ತೊಟ್ಟು ತುತ್ತು ಕೊಡಬೇಕು. ಕಾನಿಶಾಯ್ ಉಣ್ಣೆಬಟ್ಟೆಯಲ್ಲಿ ಒಂದು ಗೊಂಬೆ ಹೊಲಿದಳು. ಅದು ಹದ್ದಿನಂತಿರಲಿಲ್ಲ, ನಮ್ಮ ಅಧ್ಯಕ್ಷರಂತಿತ್ತು. ಆದರೂ ನಿಯಮ ನಿಯಮವೇ.

ಆದರೆ ಮರಿ ಒಳಗಿನಿಂದ ಚಿಪ್ಪು ಕುಟ್ಟಲು ಶುರುಮಾಡಿದ ದಿನ ನಮ್ಮೂರಿನಲ್ಲಿ ಕರೆಂಟು ಹೋಯಿತು. ಕಾವುಪೆಟ್ಟಿಗೆ ತಣ್ಣಗಾಯಿತು. ಬೇಗಾಯಿಮ್, ಆಗಿನ್ನೂ ಮದುವೆಯಾಗದ ಹುಡುಗಿ, ನನ್ನನ್ನು ಕೇಳಲೂ ಇಲ್ಲ, ಮೊಟ್ಟೆಯನ್ನು ಕೋಟಿನೊಳಗೆ ಎದೆಗವಚಿಕೊಂಡು ಅಡುಗೆಮನೆಗೆ ಓಡಿ ಒಲೆಯ ಪಕ್ಕ ಕುಳಿತಳು. ಮರಿ ಚಿಪ್ಪಿನಿಂದ ಹೊರಬಂದದ್ದು ಅಲ್ಲಿಯೇ. ನಾನು ಗೊಂಬೆ ಹುಡುಕಿಕೊಂಡು ಓಡಿಬರುವಷ್ಟರಲ್ಲಿ ಅವಳೂ ಅದೂ ಮುಖಾಮುಖಿಯಾಗಿ ಕುಳಿತಿದ್ದರು. "ಅಪ್ಪಾ, ನೋಡು, ನನ್ನನ್ನೇ ಬೈತಾ ಇದೆ, ಹಸಿವಂತೆ!" ಎಂದಳು. ಕಪ್ಪು ಹುಬ್ಬಿನ ಹೆಣ್ಣುಮರಿ, ಹಾಗಾಗಿ ಕರಾಕಾಶ್ ಎಂದು ಹೆಸರಿಟ್ಟೆವು. ಕಾಲು ಇನ್ನೂ ಎಳೆಯದಾಗಿರುವಾಗಲೇ ಸಂಘದ ಉಂಗುರ ತೊಡಿಸಬೇಕು, ಬೆಳೆದ ಮೇಲೆ ಅದು ಹತ್ತುವುದೂ ಇಲ್ಲ, ಕಳಚುವುದೂ ಇಲ್ಲ. ಆ ನಿಯಮವನ್ನಾದರೂ ಸರಿಯಾಗಿ ಪಾಲಿಸಿದೆ.

ಈಗ ಆ ಹನ್ನೊಂದನೆಯದು. ಅಧ್ಯಕ್ಷರೇ, ನೀರು ಕುಡಿಯಿರಿ, ಜಗಳ ತೆಗೆಯುವುದಿಲ್ಲ. ಕೈತುತ್ತಿನಲ್ಲಿ ಬೆಳೆದ ಹಕ್ಕಿಯನ್ನು ಬೆಟ್ಟಕ್ಕೆ ಬಿಡಕೂಡದು ಎಂದು ಅದರಲ್ಲಿ ಬರೆದಿದೆ. ಸಮಿತಿಯಲ್ಲಿ ಇದನ್ನು ಓದಿದಾಗ ನಾನು ಮೇಜು ಗುದ್ದಿದ್ದೆ. ಕೆಲವು ಚಳಿಗಾಲ ಜೊತೆಯಲ್ಲಿ ಬೇಟೆಯಾಡಿದ ಮೇಲೆ ಹದ್ದನ್ನು ಬಿಟ್ಟುಕೊಡುವುದು ನಮ್ಮ ಪದ್ಧತಿ. ಅವಳಿಗೂ ಸಂಸಾರ ಬೇಡವೇ? ಇಟ್ಟುಕೊಂಡವನನ್ನು ಊರು ಜಿಪುಣ ಎನ್ನುತ್ತದೆ. ನನ್ನಜ್ಜ ಬಿಟ್ಟ, ನನ್ನಪ್ಪ ಬಿಟ್ಟ, ನಾನೂ ಬಿಡುವವನೇ ಎಂದು ಕೂಗಾಡಿದೆ. ಆಗ ಗುಲ್‌ಬಾರ್ಚಿನ್ ಮೆತ್ತಗೆ, "ಬೈಕೆ, ನಿಮ್ಮಜ್ಜ ಬೆಟ್ಟದಿಂದ ತಂದಿದ್ದನ್ನ ಬೆಟ್ಟಕ್ಕೆ ಬಿಟ್ರು. ನಿಮ್ಮ ಹಕ್ಕಿ ಬಂದಿರೋದು ಅಡುಗೆಮನೆಯಿಂದ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಊರಿಗೆ ಬಂದವನೇ, ಹೋದ ಶರತ್ಕಾಲದಲ್ಲಿ, ಕುರಿ ಕಡಿಸಿ, ಹಿರಿಯರಿಂದ ಹರಸಿಸಿ, ಕರಾಕಾಶಳನ್ನು ಗುಡ್ಡಕ್ಕೆ ಕರೆದೊಯ್ದೆ. ಮುಂದೆ ಮಾಂಸವಿಟ್ಟು, ಕಾಲಿನ ಪಟ್ಟಿ ಬಿಚ್ಚಿ, ಪದ್ಧತಿಯಂತೆ ಹಿಂತಿರುಗಿ ನೋಡದೆ ಇಳಿದೆ. ದಾರಿಯುದ್ದಕ್ಕೂ ಅತ್ತೆ. ಅತ್ತದ್ದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮನೆಗೆ ಬಂದರೆ ಕಾನಿಶಾಯ್ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು. "ಅಳೋದು ಮುಗೀತಾ? ಹಾಗಾದ್ರೆ ಸ್ವಲ್ಪ ಮೇಲೆ ನೋಡಿ" ಎಂದಳು. ಚಾವಣಿಯ ಮೇಲೆ ಕರಾಕಾಶ್! ನನಗಿಂತ ಮೊದಲೇ ಬಂದು ಕುಳಿತು, ಎಲ್ಲಿಗೆ ಹೋಗಿದ್ದೆಯೆಂದು ನನ್ನನ್ನೇ ಗದರಿಸುತ್ತಿದ್ದಳು. ಅವಳ ಬೀಳ್ಕೊಡುಗೆಯ ಊಟ ಇನ್ನೂ ನಡೆಯುತ್ತಿತ್ತು. ಅವಳೂ ಅದರಲ್ಲಿ ಪಾಲು ತೆಗೆದುಕೊಂಡಳು.

ಇಷ್ಟಕ್ಕೆ ಸುಮ್ಮನಾದರೆ ನಾನು ನಾನೇ? ಊರ ಮುಂದೆ ಮುಖಭಂಗವಾಗಿತ್ತು. ಈ ಸಲ ಕಾರಿನಲ್ಲಿ ಕೂರಿಸಿಕೊಂಡು ಘಾಟಿ ದಾಟಿಸಿ ಬಿಟ್ಟುಬಂದೆ. ಚಾವಣಿ ಖಾಲಿಯಾಗಿಯೇ ಉಳಿಯಿತು. ಅಂತೂ ಗೆದ್ದೆ ಎಂದುಕೊಂಡೆ. ಆಮೇಲೊಂದು ದಿನ ಯಾರೋ ಕುರಿಗಾಹಿ ಫೋನು ಮಾಡಿದ. "ನಿಮ್ಮ ಸಂಘದ ಉಂಗುರ ಹಾಕ್ಕೊಂಡು ಒಂದು ಹದ್ದು ಬಂದಿದೆ ಬೈಕೆ. ನಮ್ಮ ಮಗು ರೊಟ್ಟಿ ತಿಂತಾ ಕೂತಿತ್ತು, ಸೀದಾ ಅದರ ಹತ್ರ ನಡ್ಕೊಂಡು ಬಂತು. ನಾನು ಬಂದೂಕು ಎತ್ತಿದ್ದೆ. ನನ್ನ ಹೆಂಡ್ತಿ ಕಾಲಲ್ಲಿ ಉಂಗುರ ನೋಡಿ ಬಂದೂಕಿನ ನಳಿಗೇನ ಪಕ್ಕಕ್ಕೆ ತಳ್ಳಿದಳು. ಊಟ ಕೇಳೋಕೆ ಬಂದಿತ್ತು ಪಾಪ, ಬರೀ ಮೂಳೆ ಚಕ್ಕಳ ಆಗಿದೆ. ಹೀಗೆ ಸಾಕಿ ಕೊಲ್ಲೋ ಬದಲು ನೀವೇ ಗುಂಡು ಹೊಡೀಬಾರ್ದಾಗಿತ್ತಾ?" ಎಂದ.

ಹೋಗಿ ಕರೆತಂದೆ. ಕೈಚೀಲದಷ್ಟೂ ತೂಕವಿರಲಿಲ್ಲ. ನನ್ನನ್ನು ಕಂಡೊಡನೆ ತೋಳಿನ ಮೇಲೆ ಹತ್ತಿ ಕುಳಿತಳು. ಸಿಟ್ಟಿರಲಿಲ್ಲ, ದೂರಿರಲಿಲ್ಲ. ಒಂದೆರಡು ಸಲ ಕುಕ್ಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಗುಲ್‌ಬಾರ್ಚಿನ್ ಅವರೇ, ನೀವು ಹೇಳಿದ್ದೇ ಸರಿ. ಅವಳಿಗೆ ಬೆಟ್ಟ ಗೊತ್ತಿಲ್ಲ, ಅವಳಿಗೆ ಗೊತ್ತಿರುವುದು ನಾವು. ಹನ್ನೊಂದನೆಯ ನಿಯಮಕ್ಕೆ ನಾನು ಎರಡೂ ಕೈ ಎತ್ತುತ್ತೇನೆ.

ಚಪ್ಪಾಳೆಗೆ ವಂದನೆಗಳು. ಬೀಗರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ನಾನು ಹೇಳುತ್ತಿರುವುದು ಹಕ್ಕಿಯ ವಿಷಯ, ಅವರು ತಪ್ಪು ತಿಳಿಯಬಾರದು. ನಮ್ಮ ಹುಡುಗಿ ಹಕ್ಕಿಗಿಂತ ಗಟ್ಟಿ, ನಡೆಯುವ ಮೊದಲೇ ಕುದುರೆ ಹತ್ತಿದವಳು. ಚಳಿಗಾಲದಲ್ಲಿ ಒಮ್ಮೆ ಹೀಗೆಯೇ ತವರಿಗೆ ಬಂದಿದ್ದಳು, ಕೈಗೆ ಪಟ್ಟಿ ಕಟ್ಟಿಕೊಂಡು. "ಏನಾಯ್ತೇ?" ಎಂದರೆ "ಕುದುರೆಯಿಂದ ಬಿದ್ದೆ ಅಪ್ಪಾ" ಎಂದಳು. "ಮದುವೆಯಾಗಿದ್ದೇ ತಡ, ಸವಾರಿ ಮರೆತುಬಿಟ್ಯಾ!" ಎಂದು ನಾನು ನಕ್ಕೆ, ಅವಳೂ ನಕ್ಕಳು. ಕುರಿ, ಜಮಖಾನ ಎಲ್ಲ ಕಾರಿಗೆ ಹೇರಿ ನಾನೇ ಬೀಗರ ಮನೆಗೆ ಬಿಟ್ಟುಬಂದೆ. ಅವರದು ಪೇಟೆಯ ನಡುವೆ ಟೈರಿನ ಅಂಗಡಿ, ಮೇಲೆ ಮನೆ, ಕಾರು ನಿಲ್ಲಿಸಲೂ ಜಾಗವಿಲ್ಲ.

ಕುದುರೆ ಎಲ್ಲಿಂದ ಬಂತು?

ಕ್ಷಮಿಸಿ. ಒಂದು ನಿಮಿಷ.

ಬೀಗರೇ, ನಿಮ್ಮ ಮನೆಯಲ್ಲಿ ಕುದುರೆ ಇಲ್ಲವಲ್ಲ. ಈ ಸಲ ಬಂದಾಗ ಅವಳು ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ನೆಲ ನೋಡುತ್ತಿದ್ದೀರಿ. ಕಾನಿಶಾಯ್ ನನ್ನನ್ನೇ ನೋಡುತ್ತಿದ್ದಾಳೆ, ಇವಳಿಗೆ ಮೊದಲೇ ಗೊತ್ತಿತ್ತು. ಬೇಗಾಯಿಮ್, ತಲೆ ತಗ್ಗಿಸಬೇಡ ಮಗಳೇ. ಇಲ್ಲಿ ತಲೆ ತಗ್ಗಿಸಬೇಕಾದವಳು ನೀನಲ್ಲ.

ಅಧ್ಯಕ್ಷರೇ, ನಿಯಮಕ್ಕೆ ಒಂದು ಸಾಲು ಸೇರಿಸಿಕೊಳ್ಳಿ. ತಿರುಗಿ ಬಂದವಳನ್ನು ಮತ್ತೆ ಕಳಿಸಕೂಡದು. ಸಮಿತಿ ಒಪ್ಪಲಿ, ಬಿಡಲಿ, ನನ್ನ ಮನೆಯಲ್ಲಿ ಇದು ಇವತ್ತಿನಿಂದಲೇ ಜಾರಿಗೆ ಬಂದಿದೆ. ಬೀಗರೇ, ನೀವು ನಮ್ಮೂರಿನ ಅತಿಥಿಗಳು, ನಿಧಾನವಾಗಿ ಊಟ ಮಾಡಿ, ಕುಮಿಸ್ ಕುಡಿಯಿರಿ, ಹುಷಾರಾಗಿ ಘಾಟಿ ದಾಟಿ. ನೀವಷ್ಟೇ ದಾಟಿ. ಊರು ಏನನ್ನುತ್ತದೆ ಎಂದು ಯಾರಾದರೂ ಕೇಳುವುದಿದ್ದರೆ, ಊರು ಇಲ್ಲೇ ಕುಳಿತಿದೆ, ನನ್ನೆದುರಿಗೇ ಹೇಳಲಿ.

ಯಾರೂ ಏನೂ ಹೇಳುತ್ತಿಲ್ಲ. ಬಹಳ ಉಪಕಾರವಾಯಿತು. ಗೌರವಿಸಿದ ಸಂಘಕ್ಕೆ, ನನ್ನನ್ನು ತಿದ್ದಿದ ಅತಿಥಿಗೆ, ಒಲೆಯ ಮುಂದೆ ಬೆವರುತ್ತಿರುವ ಅಡುಗೆಯವರಿಗೆ ನಾನು ಋಣಿ. ಊಟಕ್ಕೆ ನಾವು ಮೂವರು ನಿಲ್ಲುವುದಿಲ್ಲ. ಕಾನಿಶಾಯ್, ಏಳು. ಬೇಗಾಯಿಮ್, ನಡಿ, ಮನೆಗೆ ಹೋಗೋಣ.

ಎಲ್ಲರಿಗೂ ನಮಸ್ಕಾರ.