ನನ್ನ ಕೈಗುಣದ ವಿಷಯ

ವೇದಿಕೆಯ ಮೇಲಿನ ಅಧ್ಯಕ್ಷರೇ, ಇಷ್ಟು ಭಾರದ ಮಾಲೆ ಹಾಕಿ ನನ್ನ ಕುತ್ತಿಗೆ ಬಗ್ಗಿಸಿದ ಅತಿಥಿಗಳೇ, ಊಟಕ್ಕೆ ತಡವಾಯಿತೆಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನಿವೃತ್ತನಾಗುವವನನ್ನು ಹೊಗಳಬೇಕು, ಒಪ್ಪುತ್ತೇನೆ. ಆದರೆ ನನಗಿಂತ ಮೊದಲು ಮಾತಾಡಿದ ಐದೂ ಜನ ‘ಗುರುಸಂಗಪ್ಪನವರ ಕೈಗುಣ’ ಎಂದರು. ಐದೂ ಜನ! ಮೂವತ್ತೊಂದು ವರ್ಷ ರೋಣ, ಅಬ್ಬಿಗೇರಿ, ಗಜೇಂದ್ರಗಡ ಎಂದು ಗಾಡಿಯ ಮೇಲೆ ತಿರುಗಿ ಕ್ಷಯದ ಗುಳಿಗೆ ಹಂಚಿದವನು ನಾನು. ಗುಣ ಗುಳಿಗೆಯಲ್ಲಿದೆ, ಕೈಯಲ್ಲಿಲ್ಲ, ಆರು ತಿಂಗಳು ತಪ್ಪದೆ ನುಂಗಿರಿ ಎಂದು ಗಂಟಲು ಹರಿದುಕೊಂಡೆ. ಯಾರು ಕೇಳಿದಿರಿ?

ಅಬ್ಬಿಗೇರಿಯ ಕಳಕಪ್ಪನನ್ನೇ ನೋಡಿ. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಗುಳಿಗೆ ಬಿಟ್ಟ. ಆಗ ಒಬ್ಬ ರೋಗಿಗೆ ಆರು ತಿಂಗಳ ಗುಳಿಗೆಯೆಲ್ಲ ಸೇರಿ ಒಂದು ಡಬ್ಬಿ. ಉಳಿದ ಡಬ್ಬಿ ಎಲ್ಲಿ ಎಂದರೆ, “ಸರ, ನಿಮ್ಮ ಕೈಗುಣ ಭಾಳ ಚಲೋ ಐತ್ರಿ. ಬೀಗರಿಗೂ ಕೆಮ್ಮು ಇತ್ತು, ಕೊಟ್ಟ ಕಳಿಸೀನ್ರಿ” ಎಂದ. ಪಂಚಮಿ ಹಬ್ಬಕ್ಕೆ ಉಂಡಿ ಕಳಿಸಿದ ಹಾಗೆ!

ಎಷ್ಟು ಸಲ ಹೇಳಬೇಕು? ಕ್ರಿಮಿ ಒಂದು ಎರಡಾಗುವಾಗ, ಎರಡು ನಾಲ್ಕಾಗುವಾಗ, ಎಲ್ಲೋ ಒಂದರ ವಂಶವಾಹಿಯಲ್ಲಿ ಒಂದಕ್ಷರ ತಪ್ಪುತ್ತದೆ. ಆ ತಪ್ಪೇ ಅದನ್ನು ಗುಳಿಗೆಯಿಂದ ಕಾಯುತ್ತದೆ. ಅರೆಬರೆ ಗುಳಿಗೆ ನುಂಗಿದರೆ ಬಡಪಾಯಿ ಕ್ರಿಮಿಗಳು ಸಾಯುತ್ತವೆ, ಈ ಗಟ್ಟಿಗ ಉಳಿದು ಸಂಸಾರ ಬೆಳೆಸುತ್ತಾನೆ. ಇಷ್ಟು ತಿಳಿಯಲು ದೊಡ್ಡ ಓದು ಬೇಕೇ?

ನನಗೆ ತಿಳಿದಿತ್ತು. ಕಳಕಪ್ಪನನ್ನು ಬೈದು, ಅರ್ಧ ಖಾಲಿಯಾದ ಆ ಡಬ್ಬಿಯನ್ನು ಬೀಗರ ಮನೆಯಿಂದ ವಾಪಸು ತರಿಸಿದೆ. ತರಿಸಿ ಏನು ಮಾಡಿದೆ? ಇದನ್ನು ನಾನು ಬರೆದುಕೊಂಡು ಬಂದಿಲ್ಲ. ಆದರೂ ಹೇಳಿಬಿಡುತ್ತೇನೆ.

ಸೂಡಿ ಊರಿಗೆ ಮದುವೆ ಮಾಡಿಕೊಟ್ಟ ನನ್ನ ತಂಗಿ ಸಿದ್ದವ್ವನಿಗೂ ಆಗ ಕೆಮ್ಮು. “ಅಣ್ಣಾ, ದವಾಖಾನಿಗೆ ಹೋದ್ರ ಊರಿಗೆಲ್ಲಾ ಗೊತ್ತಾಗತೈತಿ. ನಿನ್ನ ಕೈಲೇ ನಾಕ ಗುಳಿಗಿ ಕೊಡು. ನಿನ್ನ ಕೈಗುಣ ನನಗ ಗೊತ್ತಿಲ್ಲೇನು?” ಎಂದಳು. ಆ ಮಾತಿಗೆ ನಾನು ಉಬ್ಬಿಹೋದೆ. ಕಫ ಪರೀಕ್ಷೆ ಮಾಡಿಸದೆ, ಕಳಕಪ್ಪನ ಡಬ್ಬಿಯನ್ನೇ ಅವಳ ಕೈಗಿಟ್ಟೆ. ಕೆಮ್ಮು ನಿಂತಿತು, ಗುಳಿಗೆ ತೀರಿತು, ನಾನೂ ಸುಮ್ಮನಾದೆ.

ಮುಂದಿನ ವರ್ಷ ಕೆಮ್ಮಿನಲ್ಲಿ ರಕ್ತ ಬಂತು. ಪ್ರಯೋಗಶಾಲೆಯಲ್ಲಿ ಕಫ ಪರೀಕ್ಷಿಸುವ ಜಹೀರ, ಯಂತ್ರ ಕೊಟ್ಟ ಫಲಿತಾಂಶ ಹಿಡಿದು, “ಸರ, ಕ್ರಿಮಿ ಬದಲಾಗೈತ್ರಿ. ನಮ್ಮ ಗುಳಿಗಿಗೆ ಬಗ್ಗೂದಿಲ್ಲ” ಎಂದ. ಎರಡು ವರ್ಷ ಬೇರೆ ಔಷಧ, ತಿಂಗಳುಗಟ್ಟಲೆ ಸೂಜಿ. ರೋಗ ಹೋಯಿತು. ಆ ಸೂಜಿಮದ್ದು ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ರೋಗದಿಂದಲೇ ಕಿವಿ ಹೋದವು ಎಂದು ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ನಂಬಿದಳು. ನನಗೆ ನಾಚಿಕೆಯಾಗುತ್ತದೆ.

ಸಿದ್ದವ್ವ ಇಲ್ಲೇ ಮೊದಲ ಸಾಲಿನಲ್ಲಿ ಕುಳಿತಿದ್ದಾಳೆ. ನೀವೆಲ್ಲ ತಲೆ ತಗ್ಗಿಸಿದ್ದೀರಿ, ಅವಳೊಬ್ಬಳೇ ನನ್ನನ್ನು ನೋಡಿ ನಗುತ್ತಿದ್ದಾಳೆ. ಇವತ್ತು ಮನೆಗೆ ಹೋಗಿ ಇನ್ನೊಂದು ಚೀಟಿ ಬರೆಯುತ್ತೇನೆ. ಅಲ್ಲಿಯವರೆಗೆ ನೀವ್ಯಾರೂ ಅವಳಿಗೆ ಏನೂ ಹೇಳಬೇಡಿ.

ಹಸಿದ ಹೊಟ್ಟೆಯಲ್ಲಿ ಇಷ್ಟು ಹೊತ್ತು ಕೇಳಿದಿರಿ, ನಿಮ್ಮ ಉಪಕಾರ ದೊಡ್ಡದು. ದಯವಿಟ್ಟು ಚಪ್ಪಾಳೆ ಮಾತ್ರ ಬೇಡ. ನೀವು ತಟ್ಟಿದರೆ ಅವಳೂ ತಟ್ಟುತ್ತಾಳೆ. ನಮಸ್ಕಾರ.