ಹಿಂದಿನ ಸೀಟಿಗೆ ಕಟ್ಟಿದ ಕಾಯಿ

“ಇಷ್ಟು ಮಳೆ ಹುಯ್ದ್ರೂ ಈ ನೊಣ ಯಾಕೆ ಹೋಗಲ್ಲ?”

ಯಾರನ್ನೂ ಕೇಳಿದ್ದಲ್ಲ ಅದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರು, ತಾಜ್ ಪಾಷಾನ ಟೀ ಅಂಗಡಿಯ ತಗಡಿನ ಕೆಳಗೆ ನಿಂತು, ಹೊರಗೆ ನೆನೆಯುತ್ತಿದ್ದ ತನ್ನ ಬೈಕನ್ನು ನೋಡಿಕೊಂಡು ಕೈಲಾಂಚದ ಚಿಕ್ಕಬೀರಯ್ಯ ಅಂದ ಮಾತು. ಎಪ್ಪತ್ತು ದಾಟಿದ ಮುದುಕ. ಇವತ್ತಿಗೂ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ತಾನೇ ಬೈಕಿನಲ್ಲಿ ಬರುತ್ತಾನೆ. ಸಂಜೆಯ ಮಳೆಗೆ ಸಿಕ್ಕಿ ನಾವು ಐದಾರು ಜನ ಅಲ್ಲಿ ನಿಂತಿದ್ದೆವು. ಮಾರುಕಟ್ಟೆಯ ಹುಳದ ವಾಸನೆ ನಮಗೆಲ್ಲ ಅಭ್ಯಾಸವೇ. ಆದರೆ ಆ ಬೈಕಿನಿಂದ ಬರುತ್ತಿದ್ದ ನಾತ ಬೇರೆ.

“ಸೀಟಿಗೆ ಬೆಲ್ಲ ಸವ್ರಿದ್ದೀಯಾ ತಾತ?” ಎಂದು ಬೀರೇಶ ನಕ್ಕ. ಅವನೂ ಕೈಲಾಂಚದವನೇ, ಅವತ್ತೇ ಹೊಸ ಬೈಕು ತೆಗೆದುಕೊಂಡಿದ್ದ. ಹ್ಯಾಂಡಲಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಕನ್ನಡಿಗೆ ಕರಿದಾರ, ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದ ಒಂದು ತೆಂಗಿನಕಾಯಿ. ಅವರ ಕಡೆ ಅದೊಂದು ನಂಬಿಕೆ: ಹೊಸ ಬೈಕಿನ ಹಿಂದಿನ ಸೀಟಿನಲ್ಲಿ ಮೊದಲು ದೇವರ ಕಾಯಿ ಕೂರಬೇಕು, ಅದನ್ನು ಗುಡಿಯಲ್ಲಿ ಒಡೆಯುವ ತನಕ ಮನುಷ್ಯರನ್ನು ಕೂರಿಸಬಾರದು. ಮೊದಲು ಯಾರು ಕೂರುತ್ತಾರೋ ಆ ಸೀಟು ಅವರದು.

ಚಿಕ್ಕಬೀರಯ್ಯ ಆ ಕಾಯಿಯನ್ನು ದಿಟ್ಟಿಸಿ ನೋಡಿ, ಕ್ಯಾಕರಿಸಿ ಉಗುಳಿದ. ಆಮೇಲೆ ಬೆಂಚಿನ ತುದಿಗೆ ಕೂತ.

“ಕೇಳ್ಲಾ ಬೀರೇಶ... ಅಯ್ನೋರೆ, ನೀವೂ ಕೇಳಿ,” ಎಂದ ನನ್ನ ಕಡೆ ತಿರುಗಿ. “ಏಳು ವರ್ಷದ ಕೆಳಗೆ ನಾನೂ ಹಿಂಗೇ ಕನಕಪುರದಲ್ಲಿ ಹೊಸ ಬೈಕ್ ತಗಂಡು, ಹಿಂಗೇ ಕಾಯಿ ಕಟ್ಕಂಡು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತುಸ್ಕಂಡು, ರಾಜನಂಗೆ ಬತ್ತಾ ಇವ್ನಿ... ಮಟಮಟ ಮಧ್ಯಾಹ್ನ. ದೆವ್ವ ಅಂದ್ರೆ ರಾತ್ರೀನೇ ಬರ್ಬೇಕು ಅಂದೋರ್ಯಾರು? ರೋಡ್ ಪಕ್ಕದ ಮೋರೀಲಿ ಒಂದು ಬೈಕ್ ಬಿದ್ದೈತೆ, ಅದ್ರ ಕೆಳಗೆ ಒಬ್ಬ ಸಿಕ್ಕಂಡವ್ನೆ. ಅವನ ಬೈಕಿಗೂ ನಿಂಬೆಹಣ್ಣು, ಕರಿದಾರ, ಹಿಂದ್ಗಡೆ ಒಂದು ಹಳೇ ಚಪ್ಲಿ... ಒಂದಾದ್ರೂ ಕಾಯ್ತಾ? ಸಾತನೂರಿನ ಬಾಲರಾಜು ಅಂತ ಅವ್ನು ಸತ್ತ ಮೇಲೆ ಗೊತ್ತಾಯ್ತು. ಹೊಟ್ಟೆ ಹರ್ದೋಗಿತ್ತು. ಬಾಯಿ ತುಂಬ ರಕ್ತ, ಮಣ್ಣು. ನೊಣ ಆಗ್ಲೇ ಮುತ್ಕಂಡಿದ್ದೋ. ‘ಅಣ್ಣ, ದೊಡ್ಡಾಸ್ಪತ್ರೆ ಗಂಟ ಒಸಿ ಕೂರುಸ್ಕಳಣ್ಣ’ ಅಂದ.

“ನಾನು ಅವನ ಮುಖ ನೋಡ್ದೆ ಅಂದ್ಕಂಡ್ರಾ? ನನ್ ಸೀಟ್ ನೋಡ್ದೆ. ಕಾಯಿ ನೋಡ್ದೆ. ದೇವ್ರಿಗಿಂತ ಮುಂಚೆ ಈ ರಕ್ತ ಕೂರುಸ್ದ್ರೆ ಬೈಕ್ ಏಳ್ಗೆ ಆಯ್ತದಾ ಅಂದ್ಕಂಡೆ... ಅವ್ನಿಗೆ ಗೊತ್ತಾಗೋಯ್ತು. ತೋಳ್ನಲ್ಲಿದ್ದ ತಾಯ್ತವ ಹಲ್ಲಲ್ಲಿ ಕಿತ್ತು ನನ್ ಕಡೆ ಚಾಚ್ದ. ‘ಬೆಳ್ಳೀದು ಕಣಣ್ಣ, ಎರಡ್ ಸಲ ಬಿದ್ದಾಗ್ಲೂ ಉಳ್ಸೈತೆ, ಬಾಡಿಗೆ ಅನ್ಕಂಡು ಇಸ್ಕೋ’ ಅಂದ. ಇಸ್ಕಂಡೆ ಕಣ್ಲಾ! ಎಂಜಲು, ರಕ್ತ, ಎಲ್ಲಾ ಪಂಚೆಗೆ ಒರ್ಸಿ, ಅದೃಷ್ಟದ ತಾಯ್ತ ಸಿಕ್ತಲ್ಲಾ ಅಂತ ಹ್ಯಾಂಡಲಿಗೆ ಕಟ್ಕಂಡೆ. ‘ಆಟೋ ಕಳುಸ್ತೀನಿ ತಡಿ’ ಅಂದ್ಬುಟ್ಟು ಹೊಂಟೆ. ಕಳುಸುದ್ನಾ...? ಇಲ್ಲ.

“ಬೀರದೇವ್ರ ಗುಡೀಲಿ ಕಾಯಿ ಒಡ್ದೆ. ಒಳಗೇನಿತ್ತು ಅಂತೀರಾ? ಕೀವಿನಂಗೆ ಅಂಟಂಟು ಕರೀ ನೀರು, ಅದ್ರೊಳಗೆ ಬಿಳೀ ಹುಳ ಪಿತಪಿತ ಅಂತವೆ... ಪೂಜಾರಿ ಅಲ್ಲೇ ಕಕ್ಕೊಂಡ. ಆಚೆ ಬಂದ್ ನೋಡ್ತೀನಿ, ಸೀಟ್ ತುಂಬ ನೊಣ. ಒರ್ಸುದ್ರೆ ಕೈಗೆ ಅಂಟು. ಆಗ ತಿಳೀತು. ಮೊದ್ಲು ಕೂತಿದ್ದು ದೇವ್ರಲ್ಲ.”

ನಾನು ಟೀ ಲೋಟ ಕೆಳಗಿಟ್ಟೆ. ತಾಜ್ ಪಾಷಾ ಸ್ಟೌ ಸಣ್ಣದು ಮಾಡಿದ.

“ಸೀಟ್ ಬದ್ಲಾಯಿಸ್ದೆ. ಬೈಕ್ ಮಾರ್ದೆ. ಇದು ಮೂರ್ನೇದು... ನಮ್ಮ ದಾಸಮ್ಮ ಒಂದ್ಸಲ ಹಿಂದೆ ಕೂತೋಳು ಮನೇಗ್ ಬಂದು ಉಟ್ಟಿದ್ ಸೀರೆ ಸುಟ್ಟಾಕುದ್ಲು. ಅವತ್ತಿಂದ ಎಲ್ಲಿಗಾದ್ರೂ ನಡ್ಕಂಡೇ ಹೋಯ್ತಾಳೆ, ನನ್ ಗಂಡನ ಗಾಡಿ ಬ್ಯಾಡ ಅಂತಾಳೆ. ತಾಯ್ತವ ಕೆರೆಗೆ ಎಸ್ದೆ. ಬೆಳಿಗ್ಗೆ ಹ್ಯಾಂಡಲಲ್ಲೇ ಐತೆ! ಬಾಡಿಗೆ ಇಸ್ಕಂಡಿವ್ನಲ್ಲ ನಾನು, ಆಸ್ಪತ್ರೆ ಮುಟ್ಟುಸ್ದೆ ಇದ್ರೆ ಅವ್ನು ಬುಟ್ಟಾನಾ? ಆಸ್ಪತ್ರೆ ಗೇಟ್ ಗಂಟ ಒಬ್ನೇ ಎಷ್ಟ್ ಸಲ ಹೋದೆ ಅಂತೀರಿ... ಅರ್ಧ ದಾರೀಲೇ ವಾಲ್ತಾನೆ, ಜಾರ್ತಾನೆ, ನನ್ ಬೆನ್ನಿಗೆ ಗೊತ್ತಾಯ್ತದೆ. ಹೊಟ್ಟೆ ಹರ್ದೋನು ಅವ್ನೇ ಕೂತಿರಾಕ್ ಆಯ್ತದಾ? ಗಾಯ ಆದೋನ್ನ ನಡುವೆ ಕೂರುಸ್ಕಂಡು, ಹಿಂದ್ಗಡೆ ಇನ್ನೊಬ್ರು ತಬ್ಬಿ ಹಿಡ್ಕಬೇಕು ತಾನೆ? ಏಳು ವರ್ಷದಿಂದ ಆ ಒಬ್ರು ನನಗೆ ಸಿಕ್ಕಿಲ್ಲ.”

ಬೀರೇಶ ಈಗ ನಗುತ್ತಿರಲಿಲ್ಲ. ಮಳೆಯಲ್ಲೇ ಹೋಗಿ ತನ್ನ ಬೈಕಿನ ಕಾಯಿಯ ಹಗ್ಗ ಬಿಚ್ಚತೊಡಗಿದ.

ಮುದುಕ ನನ್ನ ಮುಂದೆ ಬಂದು ಕೈಮುಗಿದ. ಉಗುರಿನ ಸಂದಿಯಲ್ಲೆಲ್ಲ ಕಪ್ಪಗೆ ಏನೋ ಅಂಟಿಕೊಂಡಿತ್ತು.

“ಅಯ್ನೋರೆ, ನೀವು ಲಿಂಗ ಕಟ್ಟಿರೋರು. ದೊಡ್ಡಾಸ್ಪತ್ರೆ ಇಲ್ಲಿಂದ ಐದು ನಿಮಿಷ. ಹಿಂದೆ ಕೂತು ಅವನ್ನ ಒಸಿ ಹಿಡ್ಕಳಿ, ದಾರೀಲಿ ಕೈ ಬುಡಬೇಡಿ, ಅಷ್ಟೇಯ. ಅವ್ನೂ ಇಳ್ಕತಾನೆ... ನಾನೂ ನೆಮ್ಮದಿಯಾಗಿ ಸಾಯ್ತೀನಿ.”

ನಮ್ಮ ಮನೆಯಲ್ಲಿ ಸಂಜೆಯಾದರೆ ದೀಪದ ಮುಂದೆ ಕೂರಿಸಿ ವಚನ ಹೇಳಿಸುತ್ತಿದ್ದರು. ದಯೆಯ ಮಾತೆಲ್ಲ ನನಗೆ ಬಾಯಿಪಾಠ. ಒಂದೂ ಆಗ ನಾಲಿಗೆಗೆ ಬರಲಿಲ್ಲ. ಬೈಕಿನ ಕಡೆ ನೋಡಿದೆ. ಸೀಟಿನ ತುಂಬ ಮುತ್ತಿದ್ದ ನೊಣಗಳು ಮೆಲ್ಲಗೆ ಮುಂದಕ್ಕೆ ಸರಿದವು. ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಟ್ಟು ನಿಂತವು.

ಎದೆಯ ಮೇಲಿನ ಲಿಂಗವನ್ನು, ಬೈಕಿನವರು ತಾಯಿತವನ್ನು ಹಿಡಿದುಕೊಳ್ಳುವ ಹಾಗೆ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

“ಆಗೋದಿಲ್ಲ ಚಿಕ್ಕಬೀರಯ್ಯ,” ಎಂದೆ. “ನಾನು ಕೂರೋದಿಲ್ಲ.”