ಒಬ್ಬರಿಗೇ ಪಾಸು

ಕೊಡಲ್ಲ ಅಂದ್ರೆ ಕೊಡಲ್ಲ! ಎಷ್ಟು ಸಲ ಕೇಳ್ತೀಯಾ ನ್ಯಾನ್ಸಿ? ಮಕ್ಕಳ ಐಸಿಯುಗೆ ಒಂದೇ ಪಾಸು, ಅದು ಅತ್ತೆ ನನ್ನ ಹತ್ರಾನೇ ಇರ್ತದೆ. ಎರಡು ತಿಂಗಳ ಕೂಸು ಬಾಯಿಗೆ ಪೈಪ್ ಹಾಕಿಸ್ಕೊಂಡು ಮಲಗ್ಯದೆ, ಅದರ ಮುಂದೆ ನಿನ್ನ ಗೋಳು ಬೇರೆ. ಕೂತ್ಕೋ.

ಏನು? ಆ ಕೌನ್ಸೆಲರ್ ಸುಷ್ಮಿತಾನಾ? ಹೂಂ, ಬಂದಿದ್ಲು ಫಾರಂ ಹಿಡ್ಕೊಂಡು. ಕುಟುಂಬದೋರಿಗೆ ಏನೇನು ಬೇಕು ಹೇಳಿ ಅಂದ್ಲು. ಕೂರಕ್ಕೆ ಕುರ್ಚಿ, ಕುಡಿಯಕ್ಕೆ ಬಿಸಿನೀರು ಅಂತ ಬರೆಸ್ಬುಟ್ಟೆ. ನಿಂಗೇನು ಬೇಕು ಅಂತಾನಾ? ಹೆತ್ತೋಳು ಪಕ್ಕದಲ್ಲಿರ್ಬೇಕು, ಮುಟ್ಬೇಕು ಅಂತ ಅವಳೇ ಶುರು ಮಾಡಿದ್ಲು. ನಮ್ಮ ಸೊಸೆಗೆ ಏನೂ ಬೇಡಮ್ಮ, ನಿದ್ದೆ ಒಂದಿದ್ರೆ ಸಾಕು ಅಂದೆ... ಯಾಕೆ ಹಂಗೆ ನೋಡ್ತೀಯಾ? ಸುಳ್ಳಾ?

ಕೇಳಿಲ್ಲಿ. ಈಗ ಡಾಕ್ಟ್ರು ಕರೀತಾರೆ. ಬೆಳಿಗ್ಗೆಯಿಂದ ಅವರದು ಒಂದೇ ಪ್ರಶ್ನೆ, ಮಗು ಶ್ವಾಸಕೋಶಕ್ಕೆ ಏನು ಹೋಯ್ತು? ಅದು ಗೊತ್ತಾಗ್ದೆ ಸರಿಯಾದ ಮದ್ದು ಕೊಡಕ್ಕಾಗಲ್ವಂತೆ. ಮಲಗಿಸ್ಕೊಂಡು ಹಾಲು ಕುಡಿಸ್ದೆ, ನೆತ್ತಿಗೇರ್ತು ಅಂತ ಹೇಳ್ಬುಡು. ಕುಡಿಸ್ಲಿಲ್ವಾ? ಕುಡಿಸದಿದ್ರೇನು, ಹೇಳಕ್ಕೇನು ರೋಗ? ಎಡ್ವಿನ್‌ಗೆ ಹಂಗೇ ಹೇಳಿದೀನಿ. ಕಟ್ಕೊಂಡ ಗಂಡನೇ ನಂಬ್ದ! ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಲ್ಲಿ ಎಲ್ಲರಿಗೂ ಹೇಳಿದೀನಿ.

ತಪ್ಪು ನಂದು ಅಂತ ನಾನ್ಯಾಕೆ ಹೇಳ್ಲಿ? ಉದಯಗಿರಿಲಿ ಯಾರ ಮನೆ ಬಾಣಂತಿ ಆದ್ರೂ ಕೂಸಿಗೆ ನೀರು ಹಾಕಕ್ಕೆ ಈ ಸವರಿಯಮ್ಮನೇ ಬೇಕು. ಮೂವತ್ತು ವರ್ಷ ಕಣೇ! ನೀನು ಸಣ್ಣೋಳು, ಇದು ಹೋದ್ರೆ ಇನ್ನೊಂದು ಹೆರ್ತೀಯಾ. ನನ್ನ ಹೆಸರು ಹೋದ್ರೆ ಬರ್ತದಾ?

ಏನಾರ ಅನ್ನು. ಬಯ್ಯಿ, ಅಳು! ಮೂರು ದಿನದಿಂದ ಅಳ್ತಿದ್ದೋಳು ಈಗ ಯಾಕೆ ಕಣ್ಣು ಒರೆಸ್ಕೊಂಡು ನನ್ನ ಕೈಯನ್ನೇ ನೋಡ್ತೀಯಾ?

ಏಯ್... ಶನಿವಾರ ನಾನು ಕೂಸಿಗೆ ನೀರು ಹಾಕೋವಾಗ ನೀನು ಮಲಗಿದ್ದೆ. ಬಚ್ಚಲ ಬಾಗಿಲು ಮುಂದಕ್ಕೆಳೆದಿದ್ದೆ ನಾನು... ಎಳೆದಿದ್ದೆ ತಾನೇ? ನೋಡ್ಬುಟ್ಯಾ? ಎಲ್ಲಾ ಮಕ್ಕಳಿಗೂ ಹಾಕ್ತೀನಿ ಕಣಮ್ಮ, ಮೂಗಿಗೆ ಎಣ್ಣೆ. ಹೊಳ್ಳೆಗೆ ಎರಡೇ ತೊಟ್ಟು, ಕಟ್ಟಿರೋದು ಬಿಡಲಿ ಅಂತ. ಅದು ಕೊಸರಾಡ್ತು... ಕೈ ಜಾರ್ತು, ಬಟ್ಟಲಲ್ಲಿದ್ದಷ್ಟೂ ಸುರಿದೋಯ್ತು. ಉಸಿರು ಎಳ್ಕೊಂತು, ನೀಲಿಯಾಯ್ತು. ಬೆನ್ನು ತಟ್ದೆ, ಅತ್ತಿತು... ಸರಿಹೋಯ್ತು ಅನ್ಕೊಂಡೆ. ಯಾರಿಗೂ ಹೇಳ್ಬೇಡ, ನಿನ್ನ ದಮ್ಮಯ್ಯ!

ಹೂಂ ಅನ್ನೇ... ನಾನಿಲ್ಲಿದೀನಿ, ನೀನು ಎಲ್ಲಿ ನೋಡ್ತಿದೀಯಾ? ನನ್ನ ಹಿಂದೆ ಏನದೆ?

...ಡಾಕ್ಟ್ರೇ, ನೀವು ಬಂದು ಎಷ್ಟೊತ್ತಾಯ್ತು?